10,033 ಮತಗಳ ಸೋಲು: ನೆಲ ನಿಜಕ್ಕೂ ಡೊಂಕಾಗಿತ್ತೇ?

ಪ್ರಶ್ನೆ: 2018ರ ನವೆಂಬರ್ 6ರಂದು ಅಮೆರಿಕದಲ್ಲಿ ನಡೆದ, ಅಧ್ಯಕ್ಷರ ಅವಧಿಯ ನಡುವೆ ಬರುವ ಮಧ್ಯಂತರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷ ಕೆಳಮನೆಯ ಸುಮಾರು 40 ಸ್ಥಾನಗಳನ್ನು ರಿಪಬ್ಲಿಕನ್ನರಿಂದ ಕಿತ್ತುಕೊಂಡಿತು. ಅದೇ ದಿನ ಫ್ಲೋರಿಡಾದಲ್ಲಿ ಆ ಪಕ್ಷದ ಮೂರು ಅವಧಿಯ ಸೆನೆಟರ್ ಬಿಲ್ ನೆಲ್ಸನ್ ಅವರು ಆಗ ರಾಜ್ಯದ ಗವರ್ನರ್ (ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥ) ಆಗಿದ್ದ ರಿಪಬ್ಲಿಕನ್ ರಿಕ್ ಸ್ಕಾಟ್ ಎದುರು ಬರೀ 10,033 ಮತಗಳಿಂದ ಸೋತರು. ಒಂದು ಕೌಂಟಿಯ (ನಮ್ಮ ಜಿಲ್ಲೆಯಂತಹ ಘಟಕದ) ಮತಪತ್ರದ ವಿನ್ಯಾಸ ಕೆಟ್ಟದ್ದೇ ಈ ಸೋಲಿಗೆ ಕಾರಣ ಎಂದು ಓದಿದ್ದೇನೆ. ಒಂದು ಹಾಳೆಯಿಂದ ಸೆನೆಟ್ ಸ್ಥಾನ ಕೈತಪ್ಪುವುದು ಸಾಧ್ಯವೇ?

ಉತ್ತರ: ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆಯನ್ನು ಸೋತ ಪಕ್ಷಗಳ ಬಗ್ಗೆ ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಈ ಪ್ರಕರಣದಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕಾಗಿತ್ತು. ಎಷ್ಟು ಡೊಂಕಾಗಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡಬಹುದಾದ್ದರಿಂದ, ಮೊದಲು ಆ ಹಾಳೆಯನ್ನೇ ಕೈಗೆತ್ತಿಕೊಳ್ಳೋಣ.

ಫೋರ್ಟ್ ಲಾಡರ್‌ಡೇಲ್ ನಗರ ಇರುವ ಬ್ರೊವಾರ್ಡ್ ಕೌಂಟಿಯ ಮತಪತ್ರ ಮೂರು ಕಾಲಮುಗಳ ಉದ್ದನೆಯ ಹಾಳೆ. ಎಡಗಡೆಯ ಕಾಲಮಿನ ಮೇಲಿನಿಂದ ಮತ ಹಾಕುವ ಕ್ರಮದ ಸೂಚನೆಗಳು ಇಂಗ್ಲಿಷ್, ಸ್ಪ್ಯಾನಿಷ್ ಮತ್ತು ಹೈಟಿಯನ್ ಕ್ರಿಯೋಲ್ ಭಾಷೆಗಳಲ್ಲಿ ಒಂದರ ಕೆಳಗೆ ಒಂದರಂತೆ ಇಳಿಯುತ್ತಾ ಬರುತ್ತವೆ. ಅವೆಲ್ಲ ಮುಗಿದ ಮೇಲೆ, ಹಾಳೆಯ ಕೆಳಗಿನ ಎಡ ಮೂಲೆಯಲ್ಲಿ, ಸೆನೆಟ್ ಅಭ್ಯರ್ಥಿಗಳ ಹೆಸರುಗಳಿದ್ದವು. ಗವರ್ನರ್ ಸ್ಪರ್ಧೆಯಾದರೋ ನಡುವಿನ ಕಾಲಮಿನ ನೆತ್ತಿಯ ಮೇಲೆ, ಕಣ್ಣಿಗೆ ಹೊಡೆಯುವಂತೆ ಕುಳಿತಿತ್ತು. ಸೂಚನೆಗಳನ್ನು ಓದುವ ಅಭ್ಯಾಸ ಯಾರಿಗಿದೆ? ಹಿಂದೆ ಹತ್ತಾರು ಬಾರಿ ಮತ ಹಾಕಿದವರು ಆ ಕಾಲಮನ್ನು ಪೂರ್ತಿ ಬಿಟ್ಟು, ನೇರವಾಗಿ ಗವರ್ನರ್ ಹೆಸರಿನಿಂದ ಗುರುತು ಹಾಕಲು ಶುರುಮಾಡಿದರು. ಕೌಂಟಿಯ ಒಂದು ಭಾಗದಲ್ಲಿ ಕೆಳಮನೆಯ ಅಭ್ಯರ್ಥಿ ಅವಿರೋಧವಾಗಿ ಗೆದ್ದಿದ್ದರಿಂದ ಆ ಸ್ಪರ್ಧೆಯೇ ಮತಪತ್ರದಲ್ಲಿರಲಿಲ್ಲ. ಅಲ್ಲಿ ಸೆನೆಟ್ ಸ್ಪರ್ಧೆ ಮೂಲೆಯಲ್ಲಿ ಒಂಟಿಯಾಗಿ ಉಳಿಯಿತು, ಅದನ್ನು ಖಾಲಿ ಬಿಟ್ಟವರ ಪ್ರಮಾಣವೂ ಅಲ್ಲೇ ಹೆಚ್ಚು. ಸೂಚನೆಗಳ ಕೆಳಗೆ ಯಾವ ಸ್ಪರ್ಧೆಯನ್ನೂ ಮುದ್ರಿಸಬಾರದು ಎಂಬ ಸಲಹೆ ಕೇಂದ್ರದ ಚುನಾವಣಾ ನೆರವು ಆಯೋಗದ ಮಾರ್ಗಸೂಚಿಯಲ್ಲಿ ಮೊದಲೇ ಇತ್ತು ಎಂಬುದು ಗಾಯದ ಮೇಲೆ ಬರೆ ಎಳೆದಂತಹ ಸಂಗತಿ.

ಈಗ ಲೆಕ್ಕಕ್ಕೆ ಬರೋಣ. ರಾಜ್ಯದಾದ್ಯಂತ ಗವರ್ನರ್ ಸ್ಪರ್ಧೆಗೆ ಬಿದ್ದ ಮತಗಳಿಗಿಂತ ಸೆನೆಟ್ ಸ್ಪರ್ಧೆಗೆ ಬಿದ್ದವು ಸುಮಾರು 30 ಸಾವಿರ ಕಡಿಮೆ. ಅದರಲ್ಲಿ ಸುಮಾರು 25 ಸಾವಿರದ ಕೊರತೆ ಬ್ರೊವಾರ್ಡ್ ಒಂದರದ್ದೇ. ಆ ಕೌಂಟಿಯಲ್ಲಿ ನೆಲ್ಸನ್ ಅವರಿಗೆ ಸಿಕ್ಕಿದ್ದು ನೂರಕ್ಕೆ 69 ಮತ. ಖಾಲಿ ಬಿಟ್ಟವರೆಲ್ಲರೂ ಅದೇ ಪ್ರಮಾಣದಲ್ಲಿ ಮತ ಹಾಕಿದ್ದರು ಎಂದುಕೊಂಡರೆ ಎದುರಾಳಿಗೆ ಹೋಗುವ ನೂರಕ್ಕೆ 31ನ್ನು ಕಳೆದು ನೆಲ್ಸನ್ ಅವರಿಗೆ ನಿವ್ವಳವಾಗಿ ದಕ್ಕುತ್ತಿದ್ದದ್ದು ಸುಮಾರು 9,500. ಬೇಕಾಗಿದ್ದದ್ದು 10,033ಕ್ಕಿಂತ ಹೆಚ್ಚು. ಎಲ್ಲ ಚುನಾವಣೆಗಳಲ್ಲೂ ಇಬ್ಬರೂ ಬೇಡವೆಂದು ಮನಸಾರೆ ಖಾಲಿ ಬಿಡುವವರು ಕೆಲವರು ಇದ್ದೇ ಇರುತ್ತಾರೆ, ಅವರನ್ನು ಕಳೆದರೆ ಈ 9,500 ಇನ್ನೂ ಕರಗುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಆ ಹಾಳೆ ನೆಲ್ಸನ್ ಅವರ ಗೆಲುವನ್ನು ಕಸಿಯಲಿಲ್ಲ, ಗೆಲುವಿನ ಹೊಸ್ತಿಲವರೆಗೆ ಬರುತ್ತಿದ್ದವರನ್ನು ಇನ್ನಷ್ಟು ಹಿಂದೆ ನಿಲ್ಲಿಸಿತು.

ಮಾದರಿ ಮತಪತ್ರಗಳು ಮತದಾನಕ್ಕೆ ಮುಂಚೆಯೇ ಮತದಾರರ ಕೈಸೇರುವ ವ್ಯವಸ್ಥೆ ಆ ರಾಜ್ಯದಲ್ಲಿದೆ. ತನ್ನ ಅತಿ ದೊಡ್ಡ ಮತಬುಟ್ಟಿಗಳಲ್ಲೊಂದಾದ ಕೌಂಟಿಯ ಮತಪತ್ರವನ್ನು ಪಕ್ಷದ ಜನರು ಮೊದಲೇ ಬಿಡಿಸಿ ನೋಡಿ, ‘ಸೆನೆಟ್ ಸ್ಪರ್ಧೆ ಎಡ ಮೂಲೆಯಲ್ಲಿದೆ, ಮರೆಯಬೇಡಿ’ ಎಂದು ಮನೆಮನೆಗೆ ಹೇಳಿಕೊಂಡು ಬರಬಹುದಿತ್ತು. 2000ದ ಅಧ್ಯಕ್ಷ ಚುನಾವಣೆಯಲ್ಲಿ ನೆರೆಯ ಪಾಮ್ ಬೀಚ್ ಕೌಂಟಿಯ, ಹೆಸರುಗಳು ಎರಡು ಪುಟಗಳಿಗೆ ಹರಡಿದ್ದ ‘ಚಿಟ್ಟೆ ಮತಪತ್ರ’ದ ಗೊಂದಲದಿಂದ ತನಗೆ ಸೇರಬೇಕಿದ್ದ ಹಲವು ಮತಗಳು ಮೂರನೆಯ ಪಕ್ಷದ ಪ್ಯಾಟ್ ಬುಕಾನನ್ ಅವರಿಗೆ ಹೋಗಿ (ಅವರಿಗೆ ಅಲ್ಲಿ ಬಿದ್ದದ್ದು 3,407), ಇಡೀ ರಾಜ್ಯ 537 ಮತಗಳಿಂದ ಜಾರ್ಜ್ ಬುಷ್ ಪಾಲಾದದ್ದನ್ನು ಕಂಡ ಪಕ್ಷಕ್ಕೆ ಮತಪತ್ರವನ್ನು ಓದಿ ನೋಡುವ ಪಾಠವನ್ನು ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪ್ರಶ್ನೆ: ಮರುಎಣಿಕೆ ಸರಿಯಾಗಿ ನಡೆದಿದ್ದರೆ ಫಲಿತಾಂಶ ಬದಲಾಗುತ್ತಿತ್ತೇ? ಅಕ್ರಮದ ಆರೋಪಗಳೂ ಕೇಳಿಬಂದಿದ್ದವಲ್ಲ?

ಉತ್ತರ: ಬದಲಾಗುತ್ತಿರಲಿಲ್ಲ. ಅಂತರ ಶೇ 0.5ಕ್ಕಿಂತ ಕಡಿಮೆಯಾದರೆ ಯಂತ್ರದಿಂದ, ಆ ಬಳಿಕವೂ ಶೇ 0.25ಕ್ಕಿಂತ ಕಡಿಮೆಯಿದ್ದರೆ ಕೈಯಿಂದ ಮರುಎಣಿಕೆ ಮಾಡಬೇಕೆಂಬುದು ಫ್ಲೋರಿಡಾದ ಕಾನೂನು. ನವೆಂಬರ್ 15ರ ಮಧ್ಯಾಹ್ನ 3 ಗಂಟೆಯ ಗಡುವಿಗೆ ಬ್ರೊವಾರ್ಡ್ ಕೌಂಟಿಯ ಯಂತ್ರ ಎಣಿಕೆ ಎರಡು ನಿಮಿಷ ತಡವಾಗಿ ತಲುಪಿತು, ಪಾಮ್ ಬೀಚಿನ ಹಳೆಯ ಯಂತ್ರಗಳು ಕಾದು ಕೆಟ್ಟು ಕೆಲಸವೇ ಮುಗಿಯಲಿಲ್ಲ. ನೋಡುವವರಿಗೆ ಇದು ಹಾಸ್ಯಾಸ್ಪದವಾಗಿ ಕಂಡದ್ದು ಸಹಜ. ಆದರೆ ನೆಲ್ಸನ್ ಅವರ ವಕೀಲರ ಆಸೆಯೆಲ್ಲ ನಿಂತಿದ್ದದ್ದು ಬ್ರೊವಾರ್ಡಿನ ಖಾಲಿ ಮತಗಳನ್ನು ಯಂತ್ರ ತಪ್ಪಾಗಿ ಓದಿರಬೇಕು ಎಂಬ ಊಹೆಯ ಮೇಲೆ. ಅಧಿಕಾರಿಗಳು ಆ ಹಾಳೆಗಳನ್ನು ಕೈಯಲ್ಲಿ ಹಿಡಿದು ನೋಡಿದಾಗ ಬಹುಪಾಲು ಮತಪತ್ರಗಳಲ್ಲಿ ಆ ಮೂಲೆ ಅಕ್ಷರಶಃ ಖಾಲಿಯಾಗಿತ್ತು. ಪೆನ್ನಿನ ಚುಕ್ಕೆಯೂ ಇಲ್ಲದ ಜಾಗದಲ್ಲಿ ಮತದಾರನ ಮನಸ್ಸನ್ನು ಯಾವ ಮರುಎಣಿಕೆಯೂ ಓದಲಾರದು. ನವೆಂಬರ್ 18ರಂದು ನೆಲ್ಸನ್ ಸೋಲೊಪ್ಪಿಕೊಂಡರು.

ಅಕ್ರಮದ ಆರೋಪ ಮಾಡಿದವರು ಮುಖ್ಯವಾಗಿ ಗೆದ್ದ ಕಡೆಯವರು, ಸ್ವತಃ ಸ್ಕಾಟ್ ಮತ್ತು ಅಧ್ಯಕ್ಷ ಟ್ರಂಪ್. ರಾಜ್ಯದ ಪೊಲೀಸ್ ತನಿಖಾ ಇಲಾಖೆಗೆ ಅದಕ್ಕೆ ಪುರಾವೆ ಸಿಗಲಿಲ್ಲ.

ಪ್ರಶ್ನೆ: ಹಾಗಾದರೆ ನಿಮ್ಮ ದೃಷ್ಟಿಯಲ್ಲಿ ಸೋಲಿಗೆ ನಿಜವಾದ ಕಾರಣ ಯಾವುದು? ಹಣವೇ, ಅಭ್ಯರ್ಥಿಯೇ, ಪಕ್ಷವೇ?

ಉತ್ತರ: 82 ಲಕ್ಷ ಮತಗಳಲ್ಲಿ 10,033ರ ಅಂತರವೆಂದರೆ ಶೇ 0.12. ಅಂತರ ಇಷ್ಟು ಕಿರಿದಾದಾಗ ಎದುರಿಗೆ ಸಿಕ್ಕ ಯಾವ ಕಾರಣವನ್ನು ಹಿಡಿದರೂ ‘ಇದೊಂದು ಇಲ್ಲದಿದ್ದರೆ ಗೆಲ್ಲುತ್ತಿದ್ದರು’ ಎಂದು ವಾದಿಸಬಹುದು. ಅಕ್ಟೋಬರ್ 10ರಂದು ಅಪ್ಪಳಿಸಿದ ಮೈಕಲ್ ಚಂಡಮಾರುತದ ದಿನಗಳಲ್ಲಿ ಗವರ್ನರ್ ಆಗಿದ್ದ ಸ್ಕಾಟ್ ದಿನವೂ ಟಿವಿಯಲ್ಲಿ ಕಾಣಿಸಿಕೊಂಡದ್ದು, ಸಹಿ ಹೊಂದಲಿಲ್ಲವೆಂದು ತಿರಸ್ಕೃತವಾದ ಅಂಚೆ ಮತಗಳು, ಮತದಾನಕ್ಕೆ ಮೂರು ದಿನ ಮುಂಚೆ ಪೆನ್ಸಕೋಲಾದಲ್ಲಿ ಟ್ರಂಪ್ ನಡೆಸಿದ ಸಭೆ, ಇವೆಲ್ಲವೂ ಆ ವಾದಕ್ಕೆ ಒಗ್ಗುತ್ತವೆ. ಹಾಗಾಗಿ 10,033ನ್ನು ಯಾವುದು ಮುಟ್ಟಿಸಿತು ಎಂದು ಕೇಳುವುದಕ್ಕಿಂತ, ದೇಶದಾದ್ಯಂತ ಕೆಳಮನೆಯ ಮತಗಳಲ್ಲಿ ಡೆಮಾಕ್ರಟರು ಶೇ 8ಕ್ಕೂ ಹೆಚ್ಚು ಅಂಶ ಮುಂದಿದ್ದ ವರ್ಷದಲ್ಲಿ, ಹಾಲಿ ಸೆನೆಟರ್ ಒಬ್ಬರ ಚುನಾವಣೆ ಇಷ್ಟು ಇಕ್ಕಟ್ಟಿಗೆ ಬಂದದ್ದಾದರೂ ಏಕೆ ಎಂದು ಕೇಳುವುದು ಮೇಲು.

ನನ್ನ ಮಟ್ಟಿಗೆ ಮೊದಲ ಕಾರಣ ನೆಲ್ಸನ್ ಅವರ ಸುಲಭ ಗೆಲುವುಗಳ ಅಭ್ಯಾಸ. 1986ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದಿದ್ದ ಈ ಸಂಭಾವಿತ ರಾಜಕಾರಣಿ, 2006ರಲ್ಲಿ ಎದುರಿಸಿದ್ದು ಕ್ಯಾಥರೀನ್ ಹ್ಯಾರಿಸ್ ಅವರನ್ನು. 2000ದಲ್ಲಿ ರಾಜ್ಯದ ಚುನಾವಣೆಯ ಹೊಣೆ ಹೊತ್ತಿದ್ದು, ಆಗಿನ ಮರುಎಣಿಕೆಯ ಗದ್ದಲದಿಂದ ಅರ್ಧ ರಾಜ್ಯಕ್ಕೆ ಬೇಡವಾಗಿದ್ದ ಅಭ್ಯರ್ಥಿ ಅವರು. 2012ರಲ್ಲಿಯೂ ನೆಲ್ಸನ್ ಶೇ 13ರಷ್ಟು ಅಂತರದಿಂದ ಗೆದ್ದಿದ್ದರು. ಸ್ಕಾಟ್ ಅವರ ದಾರಿ ಇದಕ್ಕೆ ತದ್ವಿರುದ್ಧ. 2010 ಮತ್ತು 2014ರಲ್ಲಿ ಗವರ್ನರ್ ಚುನಾವಣೆಗಳನ್ನು ಅವರು ಗೆದ್ದದ್ದು ಶೇ 1ರ ಆಸುಪಾಸಿನ ಅಂತರದಿಂದ. ಕೂದಲೆಳೆಯ ಅಂತರದಲ್ಲಿ ದಡ ಮುಟ್ಟುವುದನ್ನು ಎರಡು ಸಲ ಮಾಡಿದ್ದವರಿಗೆ ಮೂರನೆಯ ಸಲ ಏನು ಮಾಡಬೇಕೆಂಬುದು ಗೊತ್ತಿತ್ತು.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ: ಸ್ಕಾಟ್ ತಮ್ಮ ಸ್ವಂತ ಜೇಬಿನಿಂದಲೇ 6 ಕೋಟಿ ಡಾಲರಿಗೂ ಹೆಚ್ಚು ಸುರಿದರು. ಅದಕ್ಕಿಂತ ಮುಖ್ಯವಾದದ್ದು ಅವರು ಆ ಹಣದೊಡನೆ ಖರ್ಚು ಮಾಡಿದ ಸಮಯ. 2017ರ ಸೆಪ್ಟೆಂಬರಿನಲ್ಲಿ ಮಾರಿಯಾ ಚಂಡಮಾರುತ ಪೋರ್ಟೊರಿಕೊವನ್ನು ಹಾಳುಗೆಡವಿದ ಮೇಲೆ ಸಾವಿರಾರು ಜನ ಒರ್ಲ್ಯಾಂಡೊ ಸುತ್ತಮುತ್ತ ಬಂದು ನೆಲೆಸಿದರು. ಅವರು ಅಮೆರಿಕದ ಪ್ರಜೆಗಳೇ ಆದ್ದರಿಂದ ಬಂದು ಹೆಸರು ನೋಂದಾಯಿಸಿದ ಕೂಡಲೇ ಮತದಾರರು. ಸ್ಕಾಟ್ ಆ ದ್ವೀಪಕ್ಕೆ ಮತ್ತೆ ಮತ್ತೆ ಹೋಗಿ ಬಂದರು, ಸ್ಪ್ಯಾನಿಷ್ ಕಲಿತು ಆ ಭಾಷೆಯಲ್ಲೇ ಜಾಹೀರಾತು ಕೊಟ್ಟರು. ಈ ಮತಗಳಲ್ಲಿ ಅವರು ಗೆಲ್ಲಬೇಕಾಗಿರಲಿಲ್ಲ, ಕಡಿಮೆ ಸೋತರೆ ಸಾಕಾಗಿತ್ತು. ಡೆಮಾಕ್ರಟರು ಈ ಮತಗಳು ತಮ್ಮ ಮನೆಯ ಹಿತ್ತಲಲ್ಲೇ ಬೆಳೆದವು ಎಂದುಕೊಂಡು ತಡವಾಗಿ ಎಚ್ಚೆತ್ತರು.

ಬಂದೂಕಿನ ವಿಷಯದಲ್ಲಿಯೂ ಹೀಗೆಯೇ ಆಯಿತು. 2018ರ ಫೆಬ್ರುವರಿ 14ರಂದು ಇದೇ ಬ್ರೊವಾರ್ಡ್ ಕೌಂಟಿಯ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಗುಂಡಿಗೆ ಬಲಿಯಾದಾಗ, ಬಂದೂಕು ಸಂಘಟನೆಯ ಮೆಚ್ಚಿನವರಾಗಿದ್ದ ಸ್ಕಾಟ್ ಅವರಿಗೆ ಚುನಾವಣೆಯಲ್ಲಿ ಇದು ಮುಳುವಾಗುತ್ತದೆ ಎಂದು ಅನೇಕರು ಎಣಿಸಿದ್ದರು. ಒಂದು ತಿಂಗಳೊಳಗೆ, ಮಾರ್ಚ್ 9ರಂದು, ಬಂದೂಕು ಕೊಳ್ಳುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದ ಕಾನೂನಿಗೆ ಅವರು ಸಹಿ ಹಾಕಿ, ಎದುರಾಳಿಯ ಕೈಯಲ್ಲಿದ್ದ ಅಸ್ತ್ರದ ಮೊನೆಯನ್ನೇ ಮುರಿದರು. ಇದನ್ನು ನಾನು ಮೆಚ್ಚುಗೆಯಿಂದ ಹೇಳುತ್ತಿಲ್ಲ, ಆದರೆ ಚುನಾವಣೆಯ ಕಸುಬು ಬಲ್ಲವರ ಕೆಲಸ ಹೀಗಿರುತ್ತದೆ.

ಪಕ್ಷದ ಪಾಲಿನ ತಪ್ಪು ಇನ್ನೊಂದು ಜಾಗದಲ್ಲಿದೆ. 2008ರಲ್ಲಿ ಫ್ಲೋರಿಡಾದ ನೋಂದಾಯಿತ ಮತದಾರರಲ್ಲಿ ಡೆಮಾಕ್ರಟರು ರಿಪಬ್ಲಿಕನ್ನರಿಗಿಂತ ಸುಮಾರು ಆರೂವರೆ ಲಕ್ಷ ಮುಂದಿದ್ದರು. 2018ರ ಹೊತ್ತಿಗೆ ಅದು ಸುಮಾರು ಎರಡೂವರೆ ಲಕ್ಷಕ್ಕೆ ಇಳಿದಿತ್ತು. ಉತ್ತರದ ರಾಜ್ಯಗಳಿಂದ ನಿವೃತ್ತರು ಬಂದು ಸೇರುತ್ತಿದ್ದ ಸಮ್ಟರ್ ಕೌಂಟಿಯಂತಹ ಕಡೆ ಹತ್ತರಲ್ಲಿ ಏಳು ಮತ ರಿಪಬ್ಲಿಕನ್ನರಿಗೆ ಬೀಳುತ್ತಿತ್ತು. ಚುನಾವಣೆ ಬಂದಾಗ ಮಾತ್ರ ಕಚೇರಿ ತೆರೆದು, ಮುಗಿದ ಮೇಲೆ ಬಾಗಿಲು ಹಾಕುವ ಪಕ್ಷಕ್ಕೆ ಹತ್ತು ವರ್ಷ ನಿಧಾನವಾಗಿ ಇಳಿಯುವ ಇಂತಹ ಅಂಕಿಗಳು ಕಣ್ಣಿಗೆ ಬೀಳುವುದಿಲ್ಲ. ‘ನಮ್ಮವರು ಮತಗಟ್ಟೆಗೆ ಬರಲಿಲ್ಲ’ ಎಂಬ ಹಳೆಯ ಸಮಾಧಾನವೂ ಇಲ್ಲಿ ಸಲ್ಲದು. 2014ರಲ್ಲಿ ಸ್ಕಾಟ್ ಗವರ್ನರ್ ಆಗಿ ಗೆದ್ದದ್ದು ಸುಮಾರು 28.65 ಲಕ್ಷ ಮತಗಳಿಂದ. 2018ರಲ್ಲಿ ನೆಲ್ಸನ್ ಸೋತಾಗ ಅವರಿಗೆ ಬಿದ್ದಿದ್ದವು ಸುಮಾರು 40.89 ಲಕ್ಷ. ಅವರ ಜನ ಬಂದರು. ಎದುರಿನವರ ಜನವೂ ಬಂದರು.

ಪ್ರಶ್ನೆ: ಅದೇ ದಿನ ಅದೇ ಪಕ್ಷದ ಬೇರೆ ಅಭ್ಯರ್ಥಿಗಳ ಗತಿ ಏನಾಯಿತು?

ಉತ್ತರ: ಗವರ್ನರ್ ಸ್ಥಾನಕ್ಕೆ ನಿಂತಿದ್ದ ಆಂಡ್ರ್ಯೂ ಗಿಲ್ಲಮ್, ರಾನ್ ಡಿಸ್ಯಾಂಟಿಸ್ ಎದುರು 32,463 ಮತಗಳಿಂದ ಸೋತರು. ಕೊನೆಗೆ ಅವರ ಪ್ರಚಾರ ನಿಧಿಯಲ್ಲಿ 30 ಲಕ್ಷ ಡಾಲರಿಗೂ ಹೆಚ್ಚು ಖರ್ಚಾಗದೆ ಉಳಿದಿತ್ತು ಎಂಬುದು ತಿಳಿದಾಗ ಪಕ್ಷದವರು ತಲೆ ಚಚ್ಚಿಕೊಂಡರು. ಕೃಷಿ ಆಯುಕ್ತೆಯ ಸ್ಥಾನಕ್ಕೆ ನಿಂತಿದ್ದ ನಿಕ್ಕಿ ಫ್ರೀಡ್ ಮಾತ್ರ 6,753 ಮತಗಳಿಂದ ಗೆದ್ದರು. ಬ್ರೊವಾರ್ಡಿನ ಹಾಳೆಯಲ್ಲಿ ಅವರ ಹೆಸರು ಮೂಲೆಯಲ್ಲಿರಲಿಲ್ಲ ಎಂಬುದನ್ನು ನೆನಪಿಡಬೇಕಾದರೂ, ರಾಜ್ಯದಾದ್ಯಂತ ಗೆಲ್ಲುವುದು ಆ ವರ್ಷ ಡೆಮಾಕ್ರಟರಿಗೆ ಅಸಾಧ್ಯವೇನೂ ಆಗಿರಲಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ಪ್ರಶ್ನೆ: ಫ್ಲೋರಿಡಾ ಈಗಲೂ ತೂಗುಯ್ಯಾಲೆಯ ರಾಜ್ಯವೇ?

ಉತ್ತರ: ಅಲ್ಲ. 2020ರಲ್ಲಿ ಟ್ರಂಪ್ ಅಲ್ಲಿ ಶೇ 3ರಷ್ಟು, 2022ರಲ್ಲಿ ಡಿಸ್ಯಾಂಟಿಸ್ ಶೇ 19ರಷ್ಟು, 2024ರಲ್ಲಿ ಟ್ರಂಪ್ ಶೇ 13ರಷ್ಟು ಅಂತರದಿಂದ ಗೆದ್ದರು. ನೋಂದಣಿಯಲ್ಲಿ 2021ರಿಂದ ರಿಪಬ್ಲಿಕನ್ನರೇ ಮುಂದೆ. ಆದರೂ ಒಂದು ವಿಚಿತ್ರ ನನ್ನನ್ನು ಕಾಡುತ್ತದೆ. ನೆಲ್ಸನ್ ಸೋತ ದಿನವೇ, ಶಿಕ್ಷೆ ಮುಗಿಸಿದ ಸುಮಾರು 14 ಲಕ್ಷ ಅಪರಾಧಿಗಳಿಗೆ ಮತದಾನದ ಹಕ್ಕನ್ನು ಮರಳಿಸುವ ತಿದ್ದುಪಡಿಗೆ ಅದೇ ಮತದಾರರು ಶೇ 64ಕ್ಕೂ ಹೆಚ್ಚು ಒಪ್ಪಿಗೆ ಕೊಟ್ಟರು. 2020ರಲ್ಲಿ ಬೈಡನ್ ಅವರನ್ನು ಸೋಲಿಸಿದ ಮತದಾರರೇ ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರಿಗೆ ಏರಿಸುವುದಕ್ಕೆ ಶೇ 60ಕ್ಕೂ ಹೆಚ್ಚು ಮತ ಹಾಕಿದರು. ಪಕ್ಷದ ಹೆಸರಿಲ್ಲದ ಹಾಳೆಯಲ್ಲಿ ಆ ಪಕ್ಷದ ಮಾತುಗಳು ಅಲ್ಲಿ ಗೆಲ್ಲುತ್ತವೆ, ಹೆಸರು ಮುದ್ರಿಸಿದ ಹಾಳೆಯಲ್ಲಿ ಸೋಲುತ್ತವೆ.