ರಿಕವರಿ ಪಾರ್ಟಿಶನ್ ಡಿಸ್ಕ್‌ನಲ್ಲಿ ಕಾಣುತ್ತಿದೆ, ಆದರೆ ಅದರೊಳಗೆ ಬೂಟ್ ಆಗುತ್ತಿಲ್ಲ. ಅಳಿಸಿ ಹೊಸದು ಮಾಡಲೇ?

ಅಳಿಸಬೇಡಿ. ಈಗಲೇ ಅಂತೂ ಬೇಡ.

ನೀವು ಬರೆದದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಲ್ಯಾಪ್‌ಟಾಪಿನ ಹಳೆ ಹಾರ್ಡ್ ಡಿಸ್ಕ್ ತೆಗೆದು, ಎಲ್ಲವನ್ನೂ ಹೊಸ ಎಸ್‌ಎಸ್‌ಡಿ ಡಿಸ್ಕ್‌ಗೆ ಕ್ಲೋನ್, ಅಂದರೆ ಇದ್ದ ಹಾಗೇ ನಕಲು, ಮಾಡಿಸಿದ್ದೀರಿ. ವಿಂಡೋಸ್ ಚೆನ್ನಾಗಿ ನಡೆಯುತ್ತಿದೆ. ಆದರೆ ರೀಸೆಟ್ ಒತ್ತಿದರೆ 'ಕುಡ್ ನಾಟ್ ಫೈಂಡ್ ದ ರಿಕವರಿ ಎನ್ವಿರಾನ್‌ಮೆಂಟ್' ಎನ್ನುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿದರೆ 529 ಎಂಬಿಯ ರಿಕವರಿ ಪಾರ್ಟಿಶನ್ ಅಲ್ಲೇ ಇದೆ. ಇದೆ ಅಂದಮೇಲೆ ಯಾಕೆ ಸಿಗುತ್ತಿಲ್ಲ ಎನ್ನುವುದು ನಿಮ್ಮ ಪ್ರಶ್ನೆ, ಅಲ್ವಾ?

ಕಾರಣ ಇದು. ಆ ಪಾರ್ಟಿಶನ್, ಅಂದರೆ ಡಿಸ್ಕ್‌ನ ಆ ಭಾಗದ ಒಳಗೆ ಇರುವುದು, ದೊಡ್ಡ ವಿಂಡೋಸ್ ಕೆಟ್ಟಾಗ ರಿಪೇರಿ ಪರದೆ ತೋರಿಸಲು ಇಟ್ಟ ಒಂದು ಪುಟ್ಟ, ಬೇರೆಯೇ ಆದ ವಿಂಡೋಸ್. ಅದರ ಮುಖ್ಯ ಭಾಗವೆಲ್ಲ 'ವಿನ್‌ಆರ್‌ಇ ಡಾಟ್ ವಿಮ್' ಎಂಬ ಒಂದೇ ಫೈಲ್‌ನಲ್ಲಿರುತ್ತದೆ. ದೊಡ್ಡ ವಿಂಡೋಸ್ ಈ ಫೈಲನ್ನು ಡಿಸ್ಕ್ ತುಂಬಾ ಹುಡುಕುವುದಿಲ್ಲ. ಅದು ಯಾವ ಡಿಸ್ಕ್‌ನ ಯಾವ ಪಾರ್ಟಿಶನ್‌ನಲ್ಲಿದೆ ಎಂದು ಸಿ ಡ್ರೈವ್‌ನ ಒಂದು ಸಣ್ಣ ಫೈಲ್‌ನಲ್ಲಿ ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಬೂಟ್ ಪಟ್ಟಿಯಲ್ಲೂ ಒಂದು ನಮೂದು ಇರುತ್ತದೆ. ಕ್ಲೋನ್ ಮಾಡಿದಾಗ ಡಿಸ್ಕ್ ಬದಲಾಗುತ್ತದೆ, ಪಾರ್ಟಿಶನ್ ಶುರುವಾಗುವ ಜಾಗವೂ ಬದಲಾಗಬಹುದು. ಬರೆದಿಟ್ಟ ವಿಳಾಸ ಮಾತ್ರ ಹಳೆಯದೇ. ಮನೆ ಬದಲಾಯಿಸಿದವರಿಗೆ ಹಳೆ ಅಡ್ರೆಸ್‌ಗೆ ಕಾಗದ ಹಾಕಿದ ಹಾಗೆ. ಸರಿಮಾಡಬೇಕಾದದ್ದು ಆ ಅಡ್ರೆಸ್ಸನ್ನು, ಮನೆಯನ್ನಲ್ಲ.

ಕೈ ಹಾಕುವ ಮೊದಲು ಬಿಟ್‌ಲಾಕರ್ (ಡಿಸ್ಕ್‌ನಲ್ಲಿರುವುದಕ್ಕೆಲ್ಲ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ) ಆನ್ ಇದೆಯೇ ನೋಡಿ. ಇತ್ತೀಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಕೇಳದೆಯೇ ಆನ್ ಆಗಿರುತ್ತದೆ. ಇದ್ದರೆ 48 ಅಂಕಿಯ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ರಿಪೇರಿ ಪರದೆಯವರೆಗೆ ಹೋದರೂ ನಿಮ್ಮ ಫೈಲ್‌ಗಳು ತೆರೆಯುವುದಿಲ್ಲ.

ಈಗ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಬೇಕಾದ ಕಮಾಂಡ್ ಹೆಸರು ರೀಏಜೆಂಟ್‌ಸಿ. ಆರ್ ಮತ್ತು ಇ ಅಕ್ಷರ, ಆಮೇಲೆ ಏಜೆಂಟ್ ಎಂಬ ಪದ, ಕೊನೆಗೆ ಸಿ. ಮಧ್ಯೆ ಸ್ಪೇಸ್ ಇಲ್ಲ. ಅದರ ಮುಂದೆ ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಇನ್ಫೋ ಎಂದು ಕೊಡಿ. ಸ್ಟೇಟಸ್ 'ಡಿಸೇಬಲ್ಡ್' ಎಂದು ಬಂದು ಲೊಕೇಶನ್ ಸಾಲು ಖಾಲಿ ಇದ್ದರೆ, ಅದೇ ಕಮಾಂಡನ್ನು ಸ್ಲ್ಯಾಶ್ ಎನೇಬಲ್ ಎಂದು ಕೊಡಿ. 'ಆಪರೇಶನ್ ಸಕ್ಸೆಸ್‌ಫುಲ್' ಎಂದು ಬಂದರೆ ಅಡ್ರೆಸ್ ಹೊಸದಾಗಿ ಬರೆದಾಯಿತು. ನಾನು ನೋಡಿದ ಕ್ಲೋನ್ ಕೇಸುಗಳಲ್ಲಿ ಹೆಚ್ಚಿನವು ಇಲ್ಲಿಗೇ ಮುಗಿದಿವೆ.

ಸ್ಟೇಟಸ್ 'ಎನೇಬಲ್ಡ್' ಎಂದಿದ್ದೂ ಬೂಟ್ ಆಗದಿದ್ದರೆ, ಮೊದಲು ಅದೇ ಕಮಾಂಡನ್ನು ಸ್ಲ್ಯಾಶ್ ಡಿಸೇಬಲ್ ಎಂದು ಕೊಟ್ಟು ಡಿಸೇಬಲ್ ಮಾಡಿ. ಹಾಗೆ ಮಾಡಿದಾಗ ವಿನ್‌ಆರ್‌ಇ ಫೈಲ್ ಸಿ ಡ್ರೈವ್‌ಗೆ ಬರಬೇಕು. ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗಿನ ರಿಕವರಿ ಫೋಲ್ಡರಿನಲ್ಲಿ ಇರುತ್ತದೆ. ಅಡಗಿಸಿಟ್ಟ ಫೈಲ್ ಆದ್ದರಿಂದ ಡಿರ್ ಕಮಾಂಡಿಗೆ ಸ್ಲ್ಯಾಶ್ ಎ ಸೇರಿಸಿದರೆ ಕಾಣುತ್ತದೆ. ಕಂಡರೆ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಎನೇಬಲ್ ಮಾಡಿ.

'ಇಮೇಜ್ ವಾಸ್ ನಾಟ್ ಫೌಂಡ್' ಎಂದರೆ ಫೈಲೇ ಸಿಗುತ್ತಿಲ್ಲ ಎಂದರ್ಥ. ನಿಮ್ಮದೇ ವರ್ಶನ್ನಿನ ವಿಂಡೋಸ್ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್ ಇಡೀ ಒಂದೇ ಫೈಲ್ ಆಗಿರುವುದು) ಇಳಿಸಿಕೊಂಡು, ಅದರ ಸೋರ್ಸಸ್ ಫೋಲ್ಡರಿನ ಇನ್‌ಸ್ಟಾಲ್ ಫೈಲನ್ನು 7-ಜಿಪ್ ಎಂಬ ಪ್ರೋಗ್ರಾಮಿನಲ್ಲಿ ತೆರೆಯಿರಿ. ಅದರೊಳಗೂ ಸಿಸ್ಟಮ್32, ಅದರೊಳಗೂ ರಿಕವರಿ ಫೋಲ್ಡರ್ ಇದೆ. ಅಲ್ಲಿಂದ ವಿನ್‌ಆರ್‌ಇ ಫೈಲನ್ನು ತೆಗೆದು ನಿಮ್ಮ ರಿಕವರಿ ಫೋಲ್ಡರಿಗೆ ಹಾಕಿ, ಮತ್ತೆ ಎನೇಬಲ್ ಕೊಡಿ.

ಪಾರ್ಟಿಶನ್‌ಗೆ ಡ್ರೈವ್ ಲೆಟರ್ ಕೊಟ್ಟು ಒಳಗೆ ನೋಡಲೇ ಎಂದೂ ಕೇಳಿದ್ದೀರಿ. ಡಿಸ್ಕ್‌ಪಾರ್ಟ್ ಎಂಬ ಕಮಾಂಡಿನಲ್ಲಿ ಕೊಡಬಹುದು, ಆದರೆ ನೋಡಿದ ತಕ್ಷಣ ತೆಗೆದುಬಿಡಿ. ಹಾಗೇ ಬಿಟ್ಟರೆ 'ಡಿಸ್ಕ್ ತುಂಬಿದೆ' ಎಂದು ವಿಂಡೋಸ್ ಪದೇಪದೇ ಹೇಳುತ್ತಿರುತ್ತದೆ. ಮನೆಯಲ್ಲಿ ಯಾರಾದರೂ ಜಾಗ ಮಾಡಲು ಹೋಗಿ ಅದರಲ್ಲಿರುವುದನ್ನೇ ಅಳಿಸಿಬಿಡುತ್ತಾರೆ.

ಪಾರ್ಟಿಶನ್ ಅಳಿಸಿ ಹೊಸದು ಮಾಡಲೇಬೇಕಾದ ಸಂದರ್ಭವೂ ಇದೆ: ಅದು ಚಿಕ್ಕದಾದಾಗ. 2024ರ ಜನವರಿಯಲ್ಲಿ ಬಂದ ಒಂದು ವಿಂಡೋಸ್ 10 ಅಪ್‌ಡೇಟ್‌ಗೆ ರಿಕವರಿ ಪಾರ್ಟಿಶನ್‌ನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಇಲ್ಲದವರಿಗೆ 80070643 ಎಂದು ಕೊನೆಯಾಗುವ ಎರರ್ ಬರುತ್ತಿತ್ತು. ಆಗ ಸಿ ಡ್ರೈವನ್ನು 250 ಎಂಬಿ ಕುಗ್ಗಿಸಿ, ರಿಕವರಿ ಪಾರ್ಟಿಶನ್ ಅಳಿಸಿ, ದೊಡ್ಡದಾಗಿ ಮತ್ತೆ ಮಾಡಲು ಮೈಕ್ರೋಸಾಫ್ಟ್ ಹೇಳಿತ್ತು. ನಿಮಗೂ ಆ ಎರರ್ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಅಳಿಸುವ ಮೊದಲು ಡಿಸೇಬಲ್ ಮಾಡುವುದನ್ನು ಮರೆಯಬೇಡಿ. ಹೊಸ ಪಾರ್ಟಿಶನ್‌ಗೆ ಕೊಡುವ ಉದ್ದದ ಟೈಪ್ ಕೋಡನ್ನು ಅವರ ಸೂಚನೆಯ ಪುಟದಿಂದ ಕಾಪಿ ಮಾಡಿ, ಕೈಯಲ್ಲಿ ಟೈಪ್ ಮಾಡಬೇಡಿ.

ಇಷ್ಟೆಲ್ಲ ಒತ್ತಿ ಹೇಳಲು ಕಾರಣವಿದೆ. ನಮ್ಮ ಭಾವನದು ಫೋಟೋ ಸ್ಟುಡಿಯೋ. ಅವರೂ ನಿಮ್ಮ ಹಾಗೇ ಕ್ಲೋನ್ ಮಾಡಿಸಿದ್ದರು. ಆರು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ರಾತ್ರಿ ಕಂಪ್ಯೂಟರ್ ಶುರುವಾಗಲೇ ಇಲ್ಲ. ಎರಡು ಮದುವೆಯ ಫೋಟೋಗಳು ಅದರಲ್ಲೇ ಇದ್ದವು. ಎರಡು ಸಲ ಸತತವಾಗಿ ಬೂಟ್ ಕೆಟ್ಟರೆ ರಿಪೇರಿ ಪರದೆ ತಾನಾಗಿ ಬರಬೇಕು. ಬರಲಿಲ್ಲ, ಯಾಕೆಂದರೆ ಅಡ್ರೆಸ್ ತಪ್ಪಿತ್ತು. ವಿಂಡೋಸ್ ಏಳದೆ ಅದನ್ನು ಸರಿಮಾಡುವುದೂ ಸುಲಭವಲ್ಲ.

ನಾನು ರಾತ್ರಿಯೇ ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿಕೊಂಡು ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ 'ರಿಪೇರ್ ಯುವರ್ ಕಂಪ್ಯೂಟರ್' ಆರಿಸಿದರೆ ಅದೇ ಪುಟ್ಟ ವಿಂಡೋಸ್ ಸಿಗುತ್ತದೆ. ಡಿಸ್ಕ್‌ನಲ್ಲಿರುವ ಪಾರ್ಟಿಶನ್ ಬೇಕಾಗುವುದೇ ಇಲ್ಲ. ಅಲ್ಲಿ ಒಂದು ಕ್ಷಣ ಎದೆ ಧಸಕ್ಕೆಂದಿತು. ಸಿ ಡ್ರೈವ್ ತೆರೆದರೆ ಫೋಟೋಗಳೇ ಇರಲಿಲ್ಲ! ಆಮೇಲೆ ಹೊಳೆಯಿತು: ರಿಪೇರಿ ಪರದೆಯಲ್ಲಿ ಡ್ರೈವ್ ಲೆಟರ್‌ಗಳು ಅದಲುಬದಲಾಗಬಹುದು. ಅವರ ಸಿ ಅಲ್ಲಿ ಡಿ ಆಗಿತ್ತು. ಎಕ್ಸ್ ಎಂದು ಕಾಣುವುದು ರಿಪೇರಿ ಸಿಸ್ಟಮ್‌ನದೇ ಡ್ರೈವ್. ನಿಮಗೂ ಹೀಗಾದರೆ ಗಾಬರಿ ಬೇಡ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೋಟ್‌ಪ್ಯಾಡ್ ಎಂದು ಕೊಟ್ಟು, ಫೈಲ್ ಓಪನ್‌ಗೆ ಹೋಗಿ, 'ಆಲ್ ಫೈಲ್ಸ್' ಆರಿಸಿ. ಎಲ್ಲ ಡ್ರೈವ್‌ಗಳೂ ಕಾಣುತ್ತವೆ, ಅಲ್ಲಿಂದಲೇ ಫೋಲ್ಡರ್ ಕಾಪಿ ಮಾಡಬಹುದು. ಮೊದಲು ಫೋಟೋಗಳನ್ನು ಹೊರಗಿನ ಡಿಸ್ಕ್‌ಗೆ ತೆಗೆದೆವು. ಆಮೇಲೆ ಸ್ಟಾರ್ಟಪ್ ರಿಪೇರ್ ಓಡಿಸಿದೆವು, ವಿಂಡೋಸ್ ಎದ್ದಿತು. ಕೊನೆಗೆ ರೀಏಜೆಂಟ್‌ಸಿ ಎನೇಬಲ್ ಕೊಟ್ಟಾಗ ಅರ್ಧ ನಿಮಿಷವೂ ಹಿಡಿಯಲಿಲ್ಲ. ಕ್ಲೋನ್ ಮಾಡಿದ ದಿನವೇ ಅದನ್ನು ಕೊಟ್ಟಿದ್ದರೆ ಭಾವ ಆ ರಾತ್ರಿ ನಿದ್ದೆ ಮಾಡುತ್ತಿದ್ದರು. ನಿಮ್ಮ ವಿಂಡೋಸ್ ಇನ್ನೂ ಏಳುತ್ತಿದೆ. ಆದ್ದರಿಂದ ಇವತ್ತೇ ಮಾಡಿಬಿಡಿ.

ಎನೇಬಲ್ ಆದಮೇಲೆ ಸುಮ್ನೆ ನಂಬಿ ಬಿಡಬೇಡಿ, ಪರೀಕ್ಷೆ ಮಾಡಿ. ರೀಏಜೆಂಟ್‌ಸಿ ಮುಂದೆ ಸ್ಲ್ಯಾಶ್ ಹಾಕಿ ಬೂಟ್, ಟು, ಆರ್‌ಇ ಮೂರನ್ನೂ ಸೇರಿಸಿ ಒಂದೇ ಪದವಾಗಿ ಕೊಟ್ಟು ರೀಸ್ಟಾರ್ಟ್ ಮಾಡಿ. ಆ ಒಂದು ಸಲ ಮಾತ್ರ ನೇರವಾಗಿ ರಿಪೇರಿ ಪರದೆಗೆ ಹೋಗಬೇಕು. ಪರದೆ ಬಂದು ಯುಎಸ್‌ಬಿ ಕೀಬೋರ್ಡ್, ಮೌಸ್ ಕೆಲಸ ಮಾಡದಿದ್ದರೆ ನಿಮ್ಮ ಪಾರ್ಟಿಶನ್ನಿನ ತಪ್ಪಲ್ಲ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್‌ನಿಂದ ಹಾಗಾಗಿತ್ತು, ಅಕ್ಟೋಬರ್ 20ರಂದು ಅದನ್ನು ಸರಿಪಡಿಸುವ ಅಪ್‌ಡೇಟ್ ಬಂತು. ವಿಂಡೋಸ್‌ಗೆ ವಾಪಸ್ ಬಂದು ಎಲ್ಲ ಅಪ್‌ಡೇಟ್ ಹಾಕಿಕೊಂಡು ಮತ್ತೆ ನೋಡಿ.

ಪರದೆಯೇ ಬರದಿದ್ದರೆ, ಇನ್ಫೋ ಕೊಟ್ಟಾಗ ಬಂದ ಸಾಲುಗಳನ್ನು ಒಂದೂ ಬಿಡದೆ ಇಲ್ಲಿ ಹಾಕಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಒಂದು ಫೋಟೋ ಕೂಡ ಹಾಕಿ. ಲೊಕೇಶನ್ ಸಾಲಿನಲ್ಲಿರುವ ಪಾರ್ಟಿಶನ್ ನಂಬರ್ ನೋಡಿ ಮುಂದೇನು ಎಂದು ಹೇಳುತ್ತೇನೆ.