ಹಡಗಿನ ಸ್ಪಾಗೆ ದುಡ್ಡು ಹಾಕಬಹುದಾ? ಮಂಡ್ಯದ ಅಕ್ಕನ ಪ್ರಶ್ನೆಗೆ

ಅಕ್ಕ, ನಿಮ್ಮ ಪ್ರಶ್ನೆ ಈಗ ನೋಡಿದೆ. ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್, ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್. ನಿಮಗೂ ಯಜಮಾನರಿಗೂ ಸೇರಿಸಿ ಸ್ಪಾ ಪ್ಯಾಕೇಜ್ ಈಗಲೇ ಬುಕ್ ಮಾಡಿ ಅಂತ ಏಜೆಂಟ್ ಹಿಂದೆ ಬಿದ್ದಿದ್ದಾರೆ, ತಗೋಬೇಕಾ ಬೇಡವಾ ಅಂತ ಕೇಳಿದ್ದೀರಿ. ನನ್ನ ಮಾತು ಇಷ್ಟೇ. ಮಸಾಜ್ ಬೇಡ. ಸೌನಾ, ಸ್ಟೀಮ್‌ನಂಥ ಬಿಸಿ ಕೋಣೆಗಳ ಪಾಸ್ ಒಂದು ದಿನಕ್ಕೆ ಸಿಕ್ಕರೆ ಮಾತ್ರ ಯೋಚಿಸಿ.

ಮೊದಲು ಲೆಕ್ಕ ನೋಡಿ. ದೊಡ್ಡ ಹಡಗುಗಳಲ್ಲಿ ಸಾಧಾರಣ ಮಸಾಜ್‌ಗೆ 150 ಡಾಲರ್ ಆಸುಪಾಸು ಇರುತ್ತದೆ. ಅದೂ ಪೂರ್ತಿ ಒಂದು ಗಂಟೆ ಅಲ್ಲ, ಸಾಮಾನ್ಯವಾಗಿ 50 ನಿಮಿಷ. ಅದರ ಮೇಲೆ ಎಷ್ಟೋ ಕಂಪನಿಗಳು ಟಿಪ್ಸ್ ಅಂತ 18ರಿಂದ 20 ಪರ್ಸೆಂಟ್ ತಾವೇ ಸೇರಿಸುತ್ತವೆ. ನಮ್ಮ ಕಾರ್ಡ್ ಆದರೆ ವಿದೇಶಿ ವಹಿವಾಟಿನ ಶುಲ್ಕ ಬೇರೆ. ಒಬ್ಬರಿಗೇ 15 ಸಾವಿರ ರೂಪಾಯಿ ದಾಟುತ್ತದೆ, ಇಬ್ಬರಿಗೆ ನೀವೇ ಲೆಕ್ಕ ಹಾಕಿ. ಬರೀ ಎಣ್ಣೆ ಹಚ್ಚಿ ಮೈ ತಿಕ್ಕಿಸಿಕೊಳ್ಳುವ ಆಸೆಯಾದರೆ ಮೈಸೂರಿನಲ್ಲಿ ಅಭ್ಯಂಗ ಮಾಡುವ ಆಯುರ್ವೇದ ಕೇಂದ್ರಗಳಿಗೆ ಬರವಿಲ್ಲ. ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಯಲ್ಲೂ ಪಂಚಕರ್ಮ ಇದೆ. ಇಲ್ಲ, ಟ್ರಿಪ್‌ನಲ್ಲೇ ಬೇಕು ಅಂದ್ರೆ ಫುಕೆಟ್‌ನಲ್ಲಿ ಇಳಿದಾಗ ಮಾಡಿಸಿಕೊಳ್ಳಿ. ಬೀಚ್ ಹತ್ತಿರದ ಅಂಗಡಿಗಳಲ್ಲಿ ಒಂದು ಗಂಟೆಯ ಥಾಯ್ ಮಸಾಜ್ 300ರಿಂದ 500 ಬಾತ್‌ಗೆ ಸಿಗುತ್ತದೆ. ಹಡಗಿನ ಬಿಲ್ಲಿನಲ್ಲಿ ಬರೀ ಟಿಪ್ಸ್ ಅಂತ ಹೋಗುವ ದುಡ್ಡೇ ಅದಕ್ಕಿಂತ ಜಾಸ್ತಿ!

ಇನ್ನೊಂದು ವಿಷಯ ಏಜೆಂಟ್ ಹೇಳಲ್ಲ. ಸ್ಪಾ ಸಾಮಾನ್ಯವಾಗಿ ಮೇಲಿನ ಡೆಕ್‌ನಲ್ಲಿ, ಮುಂಭಾಗದಲ್ಲಿ ಇರುತ್ತದೆ. ನೋಟ ಚೆನ್ನಾಗಿದೆ, ನಿಜ. ಆದರೆ ಹಡಗು ತೂಗುವುದು ಅಲ್ಲೇ ಜಾಸ್ತಿ ಗೊತ್ತಾಗೋದು. ಮಸಾಜ್ ಟೇಬಲ್ ಮೇಲೆ ಬೋರಲು ಮಲಗಿ, ಮುಖವನ್ನು ಅದರ ತೂತಿನೊಳಗೆ ಇಟ್ಟುಕೊಂಡು, ಕೆಳಗೆ ಬರೀ ನೆಲ ಕಾಣುವಾಗ ಹೊಟ್ಟೆ ತೊಳಸಲು ಶುರುವಾದರೆ ಮಸಾಜ್ ಯಾರಿಗೆ ಬೇಕು? ಬಸ್ಸಿನಲ್ಲೇ ವಾಂತಿ ಬರುವವರಂತೂ ಹಡಗು ಬಂದರಿನಲ್ಲಿ ನಿಂತಿರುವ ಹೊತ್ತು ನೋಡಿ ಬುಕ್ ಮಾಡಬೇಕು. ಆವತ್ತು ಎಲ್ಲರೂ ಊರು ನೋಡಲು ಹೋಗಿರುತ್ತಾರೆ, ಸ್ಪಾ ಖಾಲಿ ಹೊಡೀತಿರುತ್ತದೆ. ಹಾಗಾಗಿ ರಿಯಾಯಿತಿಯೂ ಹೆಚ್ಚಾಗಿ ಆ ದಿನವೇ ಸಿಗೋದು. ಬೆಳಿಗ್ಗೆ ಪೆನಾಂಗ್ ಸುತ್ತಿ, ಹಡಗು ಹೊರಡುವ ಮೊದಲೇ ವಾಪಸ್ ಬಂದರೆ ಎರಡೂ ಆಗುತ್ತದೆ.

ಮಾರಾಟದ ಕಾಟದ ಬಗ್ಗೆಯೂ ಹೇಳಲೇಬೇಕು. ಮೊದಲ ದಿನ ‘ಸ್ಪಾ ನೋಡಲು ಬನ್ನಿ, ಲಕ್ಕಿ ಡ್ರಾ ಇದೆ’ ಅಂತ ಕರೀತಾರೆ. ನಮ್ಮ ದಸರಾ ವಸ್ತುಪ್ರದರ್ಶನದ ಮಳಿಗೆಗಳಲ್ಲಿ ಕೂಪನ್ ಬರೆಸಿಕೊಳ್ಳುವ ಹಾಗೆಯೇ. ಸುಮ್ನೆ ಹೋಗಿ ನೋಡಿಕೊಂಡು ಬನ್ನಿ, ತಪ್ಪಿಲ್ಲ. ಮಸಾಜ್ ಮುಗಿದ ಮೇಲೆ ಇರೋದು ನಿಜವಾದ ಪರೀಕ್ಷೆ. ನಾವು ಹೋದಾಗ ನಮ್ಮ ಮನೆಯವರನ್ನು ಮೆತ್ತನೆ ಕುರ್ಚಿಯಲ್ಲಿ ಕೂರಿಸಿ, ಕೈಗೆ ಶುಂಠಿ ಟೀ ಕೊಟ್ಟು, ಮಸಾಜ್ ಮಾಡಿದ ಹುಡುಗಿ ಪಕ್ಕದಲ್ಲೇ ಮಂಡಿಯೂರಿ ಕೂತು ಒಂದು ಚೀಟಿ ತೆಗೆದಳು. ಡಾಕ್ಟರ್ ಬರೆದ ಹಾಗೆ ಬೆಳಿಗ್ಗೆ ಇದು, ರಾತ್ರಿ ಇದು ಅಂತ ಎಣ್ಣೆ, ಕ್ರೀಮುಗಳಿಗೆಲ್ಲ ಟಿಕ್ ಹಾಕಿತ್ತು. ಒಟ್ಟು ಬೆಲೆ ಮಸಾಜ್‌ಗಿಂತ ಜಾಸ್ತಿ! ನಮ್ಮವರು ಟೀ ಮುಗಿಸಿ ‘ನೋ ಥ್ಯಾಂಕ್ಸ್’ ಅಂದು ಎದ್ದರು. ಪಾಪ ಸ್ಪಾದವರಿಗೂ ಮಾರಾಟದ ಗುರಿ ಇರುತ್ತದೆ, ಬೈಯಬೇಡಿ. ಮೊದಲು ತುಂಬುವ ಫಾರ್ಮ್‌ನಲ್ಲೇ ‘ಯಾವ ಪ್ರಾಡಕ್ಟೂ ಬೇಡ’ ಅಂತ ಬರೆದುಬಿಡಿ. ಡಿಟಾಕ್ಸ್, ಮೈಗೆ ಪಾಚಿ ಸುತ್ತಿ ತೂಕ ಇಳಿಸುವುದು, ಇವಕ್ಕಂತೂ ಒಂದು ಪೈಸೆ ಕೊಡಬೇಡಿ. ಮೈಯ ಕಸ ತೆಗೆಯೋಕೆ ಲಿವರ್, ಕಿಡ್ನಿ ಇವೆ.

ಹಾಗಾದರೆ ಬಿಸಿ ಕೋಣೆಗಳು ಯಾಕೆ? ಬಿಸಿ ಕಲ್ಲಿನ ಮಂಚದ ಮೇಲೆ ಒರಗಿ, ಎದುರಿನ ಗಾಜಿನಾಚೆ ಬರೀ ಸಮುದ್ರ. ಅದು ನಮ್ಮೂರಲ್ಲಿ ಎಷ್ಟು ಕೊಟ್ಟರೂ ಸಿಗಲ್ಲ, ಅಲ್ವಾ? ಕೆಲವು ಹಡಗುಗಳಲ್ಲಿ ಸೌನಾ, ಸ್ಟೀಮ್ ಪುಕ್ಕಟೆ. ಕೆಲವದರಲ್ಲಿ ಪೂರ್ತಿ ಪ್ರಯಾಣಕ್ಕೇ ಪಾಸ್ ಕೊಳ್ಳಬೇಕು. ನಿಮ್ಮ ನಾಲ್ಕು ರಾತ್ರಿಯಲ್ಲಿ ಎರಡು ದಿನ ಊರು ಸುತ್ತೋದೇ ಆಗುತ್ತದೆ, ಪೂರ್ತಿ ಪಾಸ್ ದಂಡ. ಅಲ್ಲಿ ಗಂಡಸರು, ಹೆಂಗಸರು ಒಟ್ಟಿಗೇ ಇರುವುದುಂಟು, ಈಜುಡುಪು ಬೇಕಾಗುತ್ತದೆ. ಮುಜುಗರ ಆಗುವ ಹಾಗಿದ್ದರೆ ಮೊದಲೇ ಹೋಗಿ ಜಾಗ ನೋಡಿ. ಮಸಾಜ್‌ಗೆ ಹೆಂಗಸರೇ ಬೇಕು ಅಂತ ಕೇಳಬಹುದು, ಸಂಕೋಚ ಬೇಡ.

ಯಜಮಾನರಿಗೆ ಶುಗರ್ ಇದೆ ಅಂತ ಹಿಂದೊಮ್ಮೆ ಬರೆದಿದ್ದಿರಿ. ಪಾದ ಜೋಮು ಹಿಡಿಯುವುದಿದ್ದರೆ ಬಿಸಿ ಕಲ್ಲಿನ ಮಸಾಜ್ ಬೇಡವೇ ಬೇಡ, ಸುಟ್ಟರೂ ಗೊತ್ತಾಗಲ್ಲ. ಬಿಪಿ, ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನೇ ಕೇಳಿ. ಕುಡಿದ ಮೇಲಂತೂ ಸೌನಾ ಕಡೆ ತಲೆ ಹಾಕಬಾರದು.

ಏಜೆಂಟ್ ಹತ್ತಿರ ಎರಡು ವಿಷಯ ಬರಹದಲ್ಲಿ ಕೇಳಿ. ಅವರ ರೇಟಿನಲ್ಲಿ ಟಿಪ್ಸ್ ಸೇರಿದೆಯಾ, ಹಡಗು ಹತ್ತಿದ ಮೇಲೆ ಬೇಡ ಅನ್ನಿಸಿದರೆ ದುಡ್ಡು ವಾಪಸ್ ಬರುತ್ತದಾ. ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.