ಹಿತ್ತಲಿನ ಕೋಳಿಗೂಡಿಗೆ ಚಳಿಗಾಳಿ ನುಗ್ಗದಂತೆ ಮಾಡುವುದು ಹೇಗೆ?

ಆರು ಹೇಂಟೆಗಳಿಗೆ ಮರದ ಗೂಡು ಮಾಡಿಸುತ್ತಿದ್ದೇನೆ, ಹಲಗೆಗಳ ಸಂದುಗಳನ್ನು ಯಾವುದರಿಂದ ಮುಚ್ಚಲಿ ಎಂದು ಕೇಳಿದ್ದೀರಿ. ಎಲ್ಲವನ್ನೂ ಮುಚ್ಚಲೇಬೇಡಿ. ನಾನು ಮುಚ್ಚಿದ್ದೆ.

ನನ್ನ ಮೊದಲ ಗೂಡಿನ ಒಂದೊಂದು ಸಂದಿಗೂ ನಾನೇ ಕುಳಿತು ಪಟ್ಟಿ ಹೊಡೆದಿದ್ದೆ. ಸೂರಿನ ಕೆಳಗಿನ ತೆರಪಿಗೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದೆ. ರಾತ್ರಿ ಬಾಗಿಲು ಹಾಕಿದರೆ ಇರುವೆಯೂ ನುಸುಳುವಂತಿರಲಿಲ್ಲ. ಬೆಳಿಗ್ಗೆ ನೋಡಿದರೆ ಚಾವಣಿಯ ತಗಡಿನ ಒಳಮೈಯಲ್ಲಿ ನೀರ ಹನಿಗಳು. ಮಳೆ ಸೋರಿದೆ ಎಂದುಕೊಂಡು ತಗಡಿನ ಅಂಚಿಗೆ ಇನ್ನಷ್ಟು ಅಂಟು ಮೆತ್ತಿದೆ. ಮಳೆಯೇ ಬಂದಿರಲಿಲ್ಲ ಎಂಬುದು ಆಗ ತಲೆಗೆ ಹೋಗಲಿಲ್ಲ. ಆಮೇಲೆ ಒಂದು ಹೇಂಟೆ ಸೀನತೊಡಗಿತು, ಇನ್ನೊಂದರ ಕಣ್ಣಂಚಿನಲ್ಲಿ ನೊರೆ, ಮತ್ತೊಂದು ಬಾಯಿ ತೆರೆದು ಗೊರಗೊರ ಉಸಿರಾಡುತ್ತಿತ್ತು. ಚಳಿ ಹಿಡಿದಿದೆ ಎಂದು ಗೋಣಿಚೀಲ ಬೇರೆ ಹೊದಿಸಿದೆ. ಎರಡು ಸತ್ತವು. ಪಶುವೈದ್ಯರು ಕೋಳಿಗಿಂತ ಮೊದಲು ಗೂಡನ್ನು ನೋಡಿದರು. ಬಗ್ಗಿ ತಲೆ ಒಳಗಿಟ್ಟು ಒಮ್ಮೆ ಉಸಿರೆಳೆದುಕೊಳ್ಳಿ ಎಂದರು. ಕಣ್ಣು ಉರಿಯಿತು.

ನಡೆದದ್ದು ಇಷ್ಟು. ಕೋಳಿ ಬೆವರುವುದಿಲ್ಲ. ಅದರ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ರಾತ್ರಿಯಿಡೀ ಉಸಿರಿನಲ್ಲಿ ತೇವವನ್ನು ಹೊರಬಿಡುತ್ತದೆ, ಮೇಲಿಂದ ಹಿಕ್ಕೆ, ಅದರಲ್ಲಿ ಮುಕ್ಕಾಲು ಪಾಲು ನೀರೇ. ಕೋಳಿಗೆ ಮೂತ್ರವೆಂದು ಪ್ರತ್ಯೇಕವಾಗಿಲ್ಲ. ಹಿಕ್ಕೆಯ ಮೇಲಿನ ಬಿಳಿ ಭಾಗವೇ ಯೂರಿಕ್ ಆಮ್ಲ. ತೇವ ಆರದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಎಂಬ, ಕಣ್ಣು ಮೂಗು ಉರಿಸುವ ಘಾಟು ಅನಿಲ ಮಾಡುತ್ತವೆ. ಶ್ವಾಸನಾಳದ ಒಳಗೋಡೆಯಲ್ಲಿ ದೂಳನ್ನೂ ರೋಗಾಣುಗಳನ್ನೂ ಗುಡಿಸಿ ಹೊರಹಾಕುವ ಸೂಕ್ಷ್ಮ ರೋಮಗಳಿರುತ್ತವೆ. ಅಮೋನಿಯಾ ಕೆಡಿಸುವುದು ಅವನ್ನೇ. ಆಮೇಲೆ ಯಾವ ರೋಗಕ್ಕೂ ಬಾಗಿಲು ತಟ್ಟುವ ಅಗತ್ಯವಿಲ್ಲ. ಕೋಳಿಮನೆಯ ಗಾಳಿಯಲ್ಲಿ ಅಮೋನಿಯಾ ಹತ್ತು ಲಕ್ಷಕ್ಕೆ 25 ಭಾಗವನ್ನು ಮೀರಬಾರದು ಎನ್ನುತ್ತಾರೆ. ನಿಮ್ಮ ಮೂಗನ್ನು ನಂಬಿಕೊಳ್ಳಬೇಡಿ, ದಿನವೂ ಗೂಡಿಗೆ ಹೋಗುವವರ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ. ಅದೂ ಅಲ್ಲದೆ ನಾವು ಬಾಗಿಲ ಬಳಿ ನಿಂತು ನೋಡುತ್ತೇವೆ, ಅವು ಹಿಕ್ಕೆಯ ಪಕ್ಕದಲ್ಲೇ ಉಸಿರಾಡುತ್ತವೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಿರುಗುಮುರುಗಾಗಿದೆ. ಎಲ್ಲಿ ಮುಚ್ಚಲಿ ಎಂದಲ್ಲ, ಎಲ್ಲಿ ತೆರೆದಿಡಲಿ ಎಂದು ಕೇಳಬೇಕಿತ್ತು. ಪೂರ್ತಿ ಗರಿ ಬಂದ ಕೋಳಿ ಗರಿಗಳ ನಡುವೆ ಗಾಳಿ ಹಿಡಿದಿಟ್ಟುಕೊಂಡು ಚಳಿಯನ್ನು ಚೆನ್ನಾಗಿಯೇ ತಡೆಯುತ್ತದೆ. ತಡೆಯಲಾಗದ್ದು ತೇವ, ಮೈಮೇಲೆ ನೇರ ಬೀಸುವ ಗಾಳಿ, ಮತ್ತು ಸೆಖೆ. ಆದ್ದರಿಂದ ಕೋಳಿ ಕೋಲಿನ ಮೇಲೆ ಕುಳಿತಾಗ ಅದರ ತಲೆಗಿಂತ ಎತ್ತರದಲ್ಲಿ, ಸೂರಿನ ಕೆಳಗೆ, ಎದುರುಬದುರು ಎರಡು ಗೋಡೆಗಳಲ್ಲಿ ಉದ್ದಕ್ಕೂ ತೆರಪು ಬಿಡಿ. ಬಿಸಿಯಾದ ತೇವದ ಗಾಳಿ ಮೇಲೇರಿ ಹೊರಹೋಗುತ್ತದೆ. ಎರಚಲು ಬೀಳದಂತೆ ಸೂರನ್ನು ಮುಂದಕ್ಕೆ ಚಾಚಿಸಿ. ಕೆಳಗಿನ ಹಲಗೆಗಳ ಸಂದು ಬೇಕಾದರೆ ಮುಚ್ಚಿಕೊಳ್ಳಿ. ಗರಿ ಬಾರದ ಮರಿಗಳನ್ನು ತಂದರೆ ಮಾತ್ರ ಲೆಕ್ಕ ಬೇರೆ: ಮೊದಲ ವಾರ 35 ಡಿಗ್ರಿ ಶಾಖ, ಆಮೇಲೆ ವಾರಕ್ಕೆ ಮೂರರಂತೆ ಇಳಿಸುತ್ತ ಬರಬೇಕು. ಅದು ಈ ಗೂಡಿನಲ್ಲಿ ಆಗುವ ಕೆಲಸವಲ್ಲ, ಪ್ರತ್ಯೇಕ ಪೆಟ್ಟಿಗೆ ಮತ್ತು ದೀಪ ಬೇಕು.

ತೆರಪಿಗೆ ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿ ಹೊಡೆಯಿರಿ. ಅಂಗಡಿಯವರು ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ಹಸಿದ ನಾಯಿ ಅದನ್ನು ಹರಿಯುತ್ತದೆ, ಇಲಿ ಕಣ್ಣಿನಲ್ಲೇ ತೂರುತ್ತದೆ. ಅದೇ ಗಟ್ಟಿ ಜಾಲರಿಯನ್ನು ಗೂಡಿನ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿ. ನೆಲ ಕೆರೆಯುವ ಪ್ರಾಣಿಗಳು ಗೋಡೆಯ ಬುಡದಲ್ಲೇ ಶುರು ಮಾಡುತ್ತವೆ, ಹಿಂದೆ ಸರಿದು ಕೆರೆಯುವ ಬುದ್ಧಿ ಸಾಮಾನ್ಯವಾಗಿ ಅವಕ್ಕೆ ಬರುವುದಿಲ್ಲ.

ಉಳಿದದ್ದರ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಕೂರುವ ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿರಲಿ, ಇಲ್ಲವಾದರೆ ಪೆಟ್ಟಿಗೆಯಲ್ಲೇ ಮಲಗಿ ಅಲ್ಲೇ ಹಿಕ್ಕೆ ಹಾಕುತ್ತವೆ. ಆರಕ್ಕೆ ಎರಡು ಪೆಟ್ಟಿಗೆ ಸಾಕು, ನಾಲ್ಕಿಟ್ಟರೂ ಎಲ್ಲವೂ ಒಂದಕ್ಕೇ ಜಗಳವಾಡುತ್ತವೆ. ಒಳಗೆ ತಲೆಗೆ ನಾಲ್ಕು ಚದರ ಅಡಿಯಾದರೂ ಜಾಗವಿರಲಿ. ಸಿದ್ಧ ಗೂಡುಗಳ ಮೇಲೆ ಬರೆದಿರುವ ಕೋಳಿಗಳ ಸಂಖ್ಯೆಯನ್ನು ಅರ್ಧ ಮಾಡಿಕೊಂಡು ಓದಿ.

ಹುಂಜ ಬೇಕೇ ಎಂದೂ ಕೇಳಿದ್ದೀರಿ. ಮೊಟ್ಟೆಗೆ ಬೇಡ, ಮರಿಗಳಿಗೆ ಬೇಕು. ಅಕ್ಕಪಕ್ಕದವರನ್ನು ಒಂದು ಮಾತು ಕೇಳಿಯೇ ತನ್ನಿ, ಅದು ಕೂಗಲು ಬೆಳಗಾಗುವವರೆಗೆ ಕಾಯುವುದಿಲ್ಲ.